‘ಫೋಮ್’ ಹುಟ್ಟಿದ್ದು ‘ಫೇನ’ದಿಂದಲಾ? ಒಂದು ಪದದ ಪ್ರಕರಣ

ವಾಟ್ಸಾಪ್‌ನಲ್ಲಿ ಸುತ್ತುವ ಒಂದು ಜಾತಿಯ ಪಟ್ಟಿ ನಿಮಗೂ ಬಂದಿರುತ್ತದೆ. ಎಡಗಡೆ ಸಂಸ್ಕೃತ ಪದ, ಬಲಗಡೆ ಇಂಗ್ಲಿಷ್ ಪದ, ನಡುವೆ ಒಂದು ಬಾಣ. ಮಾತೃವಿನಿಂದ ಮದರ್, ಪಿತೃವಿನಿಂದ ಫಾದರ್, ದಂತದಿಂದ ಡೆಂಟಲ್. ಕೊನೆಗೆ ‘ಹೆಮ್ಮೆಯಿಂದ ಹಂಚಿಕೊಳ್ಳಿ’ ಅಂತ ಒಂದು ಸಾಲು. ಇಂಥ ಪಟ್ಟಿಗಳಲ್ಲಿ ‘ಫೇನದಿಂದ ಫೋಮ್’ ಎಂಬ ಜೋಡಿಗೂ ಜಾಗ ಸಿಗುವುದುಂಟು.

ಸುಮ್ನೆ ತಳ್ಳಿಹಾಕುವ ಹಾಗಿಲ್ಲ. ಫೇನ ಎಂದರೆ ನೊರೆ, ಫೋಮ್ ಎಂದರೂ ನೊರೆ. ಎರಡೂ ‘ಫ’ದಿಂದ ಶುರುವಾಗುತ್ತವೆ. ಎರಡರ ಕೊನೆಯಲ್ಲೂ ಮೂಗಿನಿಂದ ಹೊರಡುವ ಸದ್ದಿದೆ, ಒಂದರಲ್ಲಿ ‘ನ’, ಇನ್ನೊಂದರಲ್ಲಿ ‘ಮ’. ಯಾರಿಗಾದರೂ ‘ಹೌದಲ್ವಾ!’ ಅನ್ನಿಸಿಬಿಡುತ್ತದೆ.

ಈ ಬರಹದಲ್ಲಿ ಇದೊಂದೇ ಜೋಡಿಯನ್ನು ಪೂರ್ತಿ ಜಾಲಾಡಿದ್ದೇನೆ. ಇದನ್ನೇ ಆರಿಸಿಕೊಂಡದ್ದಕ್ಕೆ ಕಾರಣ ಇದೆ. ಪಟ್ಟಿಯ ಬೇರೆ ಜೋಡಿಗಳು ಸಾಮಾನ್ಯವಾಗಿ ಒಂದೋ ಸರಿ, ಇಲ್ಲಾ ತಪ್ಪು. ಇದು ಹಾಗಲ್ಲ. ಈ ಎರಡು ಪದಗಳಿಗೆ ನಂಟಿರುವುದು ನಿಜ. ಆದರೆ ಅದಕ್ಕೆ ನಾವು ಕೊಡುವ ಸಾಕ್ಷಿ ಮಾತ್ರ ಸುಳ್ಳು. ಕಿವಿಗೆ ಬೀಳುವ ಹೋಲಿಕೆ ಬರೀ ಆಕಸ್ಮಿಕ. ನಿಜವಾದ ಹೋಲಿಕೆ ಕಿವಿಗೆ ಬೀಳುವುದೇ ಇಲ್ಲ.

ಇಂಗ್ಲಿಷಿನ ಕಡೆಯಿಂದ ನೋಡಿದರೆ

ಮೊದಲು ಫೋಮ್ ಎಂಬ ಪದದ ವಯಸ್ಸು. ಸಾವಿರ ವರ್ಷದ ಹಿಂದಿನ ಇಂಗ್ಲಿಷಿನಲ್ಲೂ ಈ ಪದ ಇತ್ತು. ಆಗ ಅದರ ರೂಪ ‘ಫಾಮ್’. ‘ಆ’ ಸ್ವರವನ್ನು ಉದ್ದಕ್ಕೆ ಎಳೆಯುತ್ತಿದ್ದರು. ಅರ್ಥ ಇವತ್ತಿನದೇ: ಅಲೆಯ ತುದಿಯ ಬಿಳಿ, ಬಾಯಂಚಿನ ಜೊಲ್ಲಿನ ನೊರೆ. ಕವಿಗಳು ಇದನ್ನೇ ಎಳೆದು ಕಡಲು ಎಂಬ ಅರ್ಥಕ್ಕೂ ಬಳಸಿದರು. ಹಳೆಯ ಇಂಗ್ಲಿಷಿನ ದೊಡ್ಡ ವೀರಕಾವ್ಯ ‘ಬೇವುಲ್ಫ್’ನಲ್ಲಿ ಹಡಗಿಗೆ ‘ನೊರೆಗೊರಳಿನದು’ ಎಂಬ ವಿಶೇಷಣವಿದೆ. ನೀರು ಸೀಳಿಕೊಂಡು ಹೋಗುವ ಹಡಗಿನ ಮೂತಿಯ ಸುತ್ತ ನೊರೆ ಸುತ್ತಿಕೊಳ್ಳುತ್ತದಲ್ಲ, ಅದು.

ಫಾಮ್ ಎಂಬುದು ಫೋಮ್ ಆದದ್ದು ಹೇಗೆ? ಅದೊಂದೇ ಪದಕ್ಕೆ ಆದ ಬದಲಾವಣೆ ಅಲ್ಲ. ಹಳೆಯ ಇಂಗ್ಲಿಷಿನ ಎಳೆದ ‘ಆ’ ಇಂಗ್ಲೆಂಡಿನ ದಕ್ಷಿಣ ಭಾಗದಲ್ಲಿ ಸಾಲಾಗಿ ‘ಓ’ ಆಯಿತು. ಸ್ಟಾನ್ ಎಂಬುದು ಸ್ಟೋನ್ ಆಯಿತು, ಹಾಮ್ ಎಂಬುದು ಹೋಮ್, ಬಾಟ್ ಎಂಬುದು ಬೋಟ್. ಅದೇ ಸಾಲಿನಲ್ಲಿ ಫಾಮ್ ಕೂಡ ಫೋಮ್ ಆಯಿತು. ಇಂಥ ಬದಲಾವಣೆಯನ್ನು ಪದದಿಂದ ಪದಕ್ಕೆ ಊಹಿಸಬೇಕಿಲ್ಲ. ಅದು ನಿಯಮದಂತೆ ನಡೆಯುತ್ತದೆ.

ಇಲ್ಲೊಂದು ತಮಾಷೆ ಇದೆ. ಉತ್ತರಕ್ಕೆ, ಸ್ಕಾಟ್‌ಲೆಂಡಿನಲ್ಲಿ, ಅದೇ ‘ಆ’ ಬೇರೆ ದಾರಿ ಹಿಡಿದು ‘ಏ’ ಆಯಿತು. ಅವರು ಕಲ್ಲಿಗೆ ‘ಸ್ಟೇನ್’ ಎನ್ನುತ್ತಾರೆ, ಮನೆಗೆ ‘ಹೇಮ್’. ನೊರೆಗೆ? ‘ಫೇಮ್’! ಪಟ್ಟಿ ಮಾಡುವವರ ಕಣ್ಣಿಗೆ ಇದು ಬಿದ್ದಿದ್ದರೆ ಹಬ್ಬವೇ ಆಗುತ್ತಿತ್ತು. ಫೇನ, ಫೇಮ್, ಇನ್ನೇನು ಬೇಕು? ಆದರೆ ಸ್ಕಾಟ್‌ಲೆಂಡಿನ ಆ ‘ಏ’ ಹುಟ್ಟಿದ್ದು ತೀರಾ ಈಚೆಗೆ, ಹಳೆಯ ‘ಆ’ದಿಂದ. ಸಂಸ್ಕೃತದ ‘ಏ’ಗೂ ಅದಕ್ಕೂ ಏನೇನೂ ಸಂಬಂಧ ಇಲ್ಲ. ಸದ್ದನ್ನು ಮಾತ್ರ ನಂಬಿ ಹೊರಟವರು ಮುಗ್ಗರಿಸುವುದು ಇಂಥ ಕಡೆಯೇ.

ಇಂಗ್ಲಿಷಿನ ಹತ್ತಿರದ ನಂಟ ಜರ್ಮನ್. ಅಲ್ಲಿ ನೊರೆಗೆ ಹಳೆಯ ಪದ ‘ಫೈಮ್’. ಈಗ ಅದು ಹೆಚ್ಚುಕಡಿಮೆ ಸತ್ತುಹೋಗಿದೆ. ನೊರೆಗೆ ಈಗಿನ ಜರ್ಮನ್ನರು ‘ಶೌಮ್’ ಅನ್ನುತ್ತಾರೆ. ಶೌಮ್‌ನ ನಂಟಪದವೊಂದು ಡಚ್ಚರ ಕಡೆಯಿಂದ ಇಂಗ್ಲಿಷಿಗೂ ಬಂದು ‘ಸ್ಕಮ್’ ಆಯಿತು. ಮೊದಲಿಗೆ ಅದೂ ನೊರೆಯೇ. ಆಮೇಲೆ ಮೇಲೆ ತೇಲುವ ಕೊಳೆ, ಕೊನೆಗೆ ಮನುಷ್ಯರನ್ನು ಬಯ್ಯುವ ಮಾತು. ಜರ್ಮನ್ನಿನ ಫೈಮ್ ಸತ್ತರೂ ಒಂದು ಕುರುಹು ಬಿಟ್ಟುಹೋಗಿದೆ. ಮಹಾ ಪಾಕಡಾ ಮನುಷ್ಯನಿಗೆ ಅವರು ‘ಅಬ್‌ಗೆಫೈಮ್ಟ್’ ಎನ್ನುತ್ತಾರೆ. ಅಕ್ಷರಶಃ ‘ನೊರೆ ತೆಗೆದವನು’ ಎಂದರ್ಥ. ಆಲೆಮನೆ ನೋಡಿದವರಿಗೆ ಇದು ಥಟ್ಟನೆ ಹೊಳೆಯುತ್ತದೆ. ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಕುದಿಯುವಾಗ ಕೊಳೆಯೆಲ್ಲ ನೊರೆಯ ಜೊತೆ ಮೇಲೆ ಬರುತ್ತದೆ. ಬೆಂಡೆಗಿಡದ ಲೋಳೆ ಹಾಕಿ, ಅದನ್ನು ಮತ್ತೆ ಮತ್ತೆ ಜಾಲರಿಯಲ್ಲಿ ತೆಗೆಯುತ್ತಾರೆ. ಉಳಿಯುವುದು ಗಟ್ಟಿ ಪಾಕ. ಜರ್ಮನ್ನರು ಒಳ್ಳೆಯ ಬೆಲ್ಲವಾಗಬೇಕಾದದ್ದನ್ನು ಕಳ್ಳನಿಗೆ ಯಾಕೆ ಕೊಟ್ಟರೋ! ಶುದ್ಧ ಕಳ್ಳ, ಅಪ್ಪಟ ಕಳ್ಳ ಎಂದು ನಾವೂ ಅನ್ನುತ್ತೇವಲ್ಲ, ಆ ಧಾಟಿ ಇರಬೇಕು.

‘ಫ’ ಹೇಳುವ ಸುಳ್ಳು

ಈಗ ಮೊದಲ ಅಕ್ಷರಕ್ಕೆ ಬರೋಣ. ಫೇನ, ಫೋಮ್ ಎರಡನ್ನೂ ಇಲ್ಲಿ ಒಂದೇ ಅಕ್ಷರದಲ್ಲಿ ಬರೆಯುತ್ತಿದ್ದೇನೆ. ಗಲಿಬಿಲಿ ಶುರುವಾಗುವುದೇ ಅಲ್ಲಿಂದ. ಸಂಸ್ಕೃತದ ‘ಫ’ ಎಂದರೆ ‘ಪ’ದ ಮಹಾಪ್ರಾಣ. ಎರಡು ತುಟಿಗಳನ್ನೂ ಪೂರ್ತಿ ಮುಚ್ಚಿ, ಬಿಡುವಾಗ ಜೋರಾಗಿ ಉಸಿರು ಬಿಡಬೇಕು. ಇಂಗ್ಲಿಷಿನ ಸದ್ದು ಬೇರೆಯೇ. ಕೆಳದುಟಿಗೆ ಮೇಲಿನ ಹಲ್ಲು ತಾಗಿಸಿ ಗಾಳಿ ಬಿಡುವುದು. ಹಿಂದೆ ನಮ್ಮಲ್ಲಿ ಈ ಸದ್ದೇ ಇರಲಿಲ್ಲ. ಪಾರ್ಸಿ, ಇಂಗ್ಲಿಷ್ ಪದಗಳ ಜೊತೆ ಬಂತು. ಅದಕ್ಕೂ ‘ಫ’ ಅಕ್ಷರವನ್ನೇ ಕೊಟ್ಟೆವು. ಈಗ ಪೇಟೆಯಲ್ಲಿ ಬಹಳ ಜನ ‘ಫಲ’ವನ್ನೂ ಇಂಗ್ಲಿಷಿನ ಸದ್ದಿನಲ್ಲೇ ಹೇಳುತ್ತಾರೆ. ಹಳ್ಳಿಯಲ್ಲಿ ಫೋನೂ ‘ಪೋನು’. ಹಾಗಾಗಿ ಇವತ್ತಿನ ನಮ್ಮ ಬಾಯಲ್ಲಿ ಫೇನ ಮತ್ತು ಫೋಮ್ ಒಂದೇ ಥರ ಶುರುವಾಗುವುದು ಹಳೆಯ ಕಾಲದ ಬಗ್ಗೆ ಏನನ್ನೂ ಹೇಳುವುದಿಲ್ಲ.

ಹಾಗಾದರೆ ಇಂಗ್ಲಿಷಿನ ಆ ಸದ್ದು ಎಲ್ಲಿಂದ ಬಂತು? ಇದಕ್ಕೆ ಉತ್ತರ ಸಿಕ್ಕಿ ಇನ್ನೂರು ವರ್ಷ ಆಯಿತು. 1786ರ ಫೆಬ್ರವರಿ 2ರಂದು ಕಲ್ಕತ್ತಾದ ಏಷಿಯಾಟಿಕ್ ಸೊಸೈಟಿಯಲ್ಲಿ ವಿಲಿಯಂ ಜೋನ್ಸ್ ಮಾತಾಡಿದರು. ಸಂಸ್ಕೃತ, ಗ್ರೀಕ್, ಲ್ಯಾಟಿನ್ ಮೂರೂ ಈಗ ಬಹುಶಃ ಉಳಿದಿರದ ಒಂದೇ ಮೂಲದಿಂದ ಬಂದಿರಬೇಕು ಎಂದರು. ಗಮನಿಸಿ, ಸಂಸ್ಕೃತದಿಂದ ಎನ್ನಲಿಲ್ಲ, ಸಂಸ್ಕೃತಕ್ಕೂ ಹಿಂದಿನ ಒಂದು ಮೂಲದಿಂದ ಎಂದರು. ಆಮೇಲೆ 1818ರಲ್ಲಿ ಡೆನ್ಮಾರ್ಕಿನ ರಾಸ್ಮುಸ್ ರಾಸ್ಕ್, 1822ರಲ್ಲಿ ಜರ್ಮನಿಯ ಯಾಕೋಬ್ ಗ್ರಿಮ್ ಒಂದು ನಿಯಮವನ್ನು ಬಿಡಿಸಿಟ್ಟರು. ಗ್ರಿಮ್ ಎಂದರೆ ಮಕ್ಕಳ ಕತೆಗಳ ಅಣ್ಣತಮ್ಮಂದಿರಲ್ಲಿ ದೊಡ್ಡವರು. ಸಂಸ್ಕೃತ, ಲ್ಯಾಟಿನ್‌ಗಳಲ್ಲಿ ‘ಪ’ ಇರುವ ಕಡೆ ಇಂಗ್ಲಿಷ್, ಜರ್ಮನ್ ಗುಂಪಿನಲ್ಲಿ ಈ ಹಲ್ಲುದುಟಿಯ ‘ಫ’ ಇರುತ್ತದೆ. ಪಿತೃ–ಫಾದರ್. ಪಾದ–ಫುಟ್. ಪಂಚ–ಫೈವ್. ಪೂರ್ಣ–ಫುಲ್. ಪಶು–ಫೀ. ಕೊನೆಯದು ವಿಚಿತ್ರ ಅನ್ನಿಸಬಹುದು. ಹಳೆಯ ಇಂಗ್ಲಿಷಿನಲ್ಲಿ ಆ ಪದಕ್ಕೆ ದನಕರು ಎಂಬ ಅರ್ಥವೂ ಇತ್ತು, ಹಣ ಎಂಬ ಅರ್ಥವೂ ಇತ್ತು.

ಕನ್ನಡದವರಿಗೆ ಇದು ಹೊಸದೇನಲ್ಲ. ನಮ್ಮ ಭಾಷೆಯಲ್ಲೂ ‘ಪ’ ಹೀಗೇ ಸಾಲಾಗಿ ಹೊರಟುಹೋಗಿದೆ. ಹಳಗನ್ನಡದ ಪಾಲ್ ಹಾಲಾಯಿತು, ಪುಲಿ ಹುಲಿಯಾಯಿತು, ಪತ್ತು ಹತ್ತಾಯಿತು, ಪೂ ಹೂವಾಯಿತು. ಹತ್ತನೇ ಶತಮಾನದ ಹೊತ್ತಿಗೆ ಶಾಸನಗಳಲ್ಲಿ ಕಾಣಿಸಿಕೊಂಡ ಈ ಬದಲಾವಣೆ ಕೆಲವು ಶತಮಾನಗಳಲ್ಲಿ ಭಾಷೆಯನ್ನೆಲ್ಲ ಆವರಿಸಿತು. ಜರ್ಮನ್ ಗುಂಪಿನಲ್ಲಿ ‘ಪ’ ಹೋಗಿ ಹಲ್ಲುದುಟಿಯ ಸದ್ದು ಬಂದದ್ದು ಕ್ರಿಸ್ತಪೂರ್ವ ಕಾಲದಲ್ಲಿ. ನಮ್ಮಲ್ಲಿ ‘ಹ’ ಬಂದದ್ದು ಅದಕ್ಕಿಂತ ಸಾವಿರ ವರ್ಷ ತಡವಾಗಿ. ರೀತಿ ಮಾತ್ರ ಒಂದೇ.

ಈಗ ಇನ್ನೊಂದು ಜೋಡಿ ನೋಡಿ. ಸಂಸ್ಕೃತದ ‘ಫುಲ್ಲ’ ಮತ್ತು ಇಂಗ್ಲಿಷಿನ ‘ಫುಲ್’. ಸದ್ದಿನಲ್ಲಿ ಫೇನ–ಫೋಮ್‌ಗಿಂತ ಹತ್ತಿರ. ಅರ್ಥವನ್ನೂ ಸ್ವಲ್ಪ ಎಳೆದು ಕೂಡಿಸಬಹುದು. ಫುಲ್ಲ ಎಂದರೆ ಅರಳಿದ್ದು, ಪ್ರಫುಲ್ಲ ಎಂದರೆ ಚೆನ್ನಾಗಿ ಅರಳಿದ್ದು, ಅಂದರೆ ತುಂಬಿಕೊಂಡದ್ದು ಅಂತ. ಆದರೆ ನಂಟೇ ಇಲ್ಲ. ಫುಲ್‌ಗೆ ಸಂಸ್ಕೃತದಲ್ಲಿ ಸರಿಯಾದ ಜೋಡಿ ಪೂರ್ಣ. ಫುಲ್ಲ ಬಂದದ್ದು ಬಿರಿ, ಒಡೆ ಎಂಬರ್ಥದ ‘ಫಲ್’ ಧಾತುವಿನಿಂದ. ‘ಫ’ಕ್ಕೆ ‘ಫ’ ಹೊಂದಿಸುತ್ತಾ ಹೋದರೆ ತಪ್ಪು ಮನೆಗೇ ಹೋಗುತ್ತೇವೆ.

ಈ ನಿಯಮವನ್ನೇ ಫೋಮ್‌ಗೆ ಹಚ್ಚಿ. ಅದರ ಹಳೆಯ ರೂಪ ‘ಪ’ದಿಂದ ಶುರುವಾಗಿರಬೇಕು. ನಂಟರನ್ನು ಕೇಳಿದರೆ ಅದೇ ಉತ್ತರ ಸಿಗುತ್ತದೆ. ರಷ್ಯನ್ನಿನಲ್ಲಿ ನೊರೆಗೆ ‘ಪೇನಾ’. ಲ್ಯಾಟಿನ್ನಿನಲ್ಲಿ ‘ಸ್ಪೂಮ’. ಲಿಥುವೇನಿಯನ್ನಿನಲ್ಲಿ ‘ಸ್ಪಾಯ್ನೆ’. ‘ಪ’ ಎಲ್ಲ ಕಡೆ ಇದೆ, ಕೆಲವು ಕಡೆ ಅದರ ಮುಂದೆ ಒಂದು ‘ಸ’ ಅಂಟಿಕೊಂಡಿದೆ.

ಈ ‘ಸ’ ಬರುವುದು ಹೋಗುವುದು ಈ ಭಾಷೆಗಳಿಗೆ ಹಳೆಯ ಚಾಳಿ. ಸಂಸ್ಕೃತದಲ್ಲೇ ಇದೆ. ನೋಡು ಎನ್ನಲು ‘ಪಶ್ಯ’ ಎನ್ನುತ್ತಾರೆ. ಅದೇ ಧಾತುವಿನಿಂದ ‘ಸ್ಪಷ್ಟ’ ಎಂಬ ಪದವೂ ಬಂದಿದೆ, ಚೆನ್ನಾಗಿ ಕಂಡದ್ದು ಎಂಬರ್ಥದಲ್ಲಿ. ಒಂದರಲ್ಲಿ ‘ಸ’ ಇಲ್ಲ, ಇನ್ನೊಂದರಲ್ಲಿ ಇದೆ. ಇಂಗ್ಲಿಷಿನ ‘ಸ್ಪೈ’ ಪದವೂ ಇದೇ ಕುಟುಂಬದ್ದು. ನಾವು ದಿನಾ ಬಳಸುವ ‘ಸ್ಪಷ್ಟ’ಕ್ಕೆ ಗೂಢಚಾರನ ನಂಟಿದೆ ಎಂದು ಎಷ್ಟು ಜನಕ್ಕೆ ಗೊತ್ತು?

ಈ ‘ಸ’ ಇಂದ ಫೋಮ್ ಬಗ್ಗೆ ಇನ್ನೊಂದು ಸಂಗತಿ ಗೊತ್ತಾಗುತ್ತದೆ. ಗ್ರಿಮ್ ಹೇಳಿದ ಬದಲಾವಣೆ ‘ಸ’ದ ಹಿಂದೆ ಅಡಗಿದ ‘ಪ’ವನ್ನು ಮುಟ್ಟುವುದಿಲ್ಲ. ಉಗುಳು ಎಂಬರ್ಥದ ಲ್ಯಾಟಿನ್ ಧಾತು ‘ಸ್ಪು’, ಇಂಗ್ಲಿಷಿನಲ್ಲಿ ಅದರ ಜೋಡಿ ‘ಸ್ಪ್ಯೂ’. ‘ಪ’ ಹಾಗೇ ಉಳಿದಿದೆ. ಅಂದಮೇಲೆ ಇಂಗ್ಲಿಷರ ಪೂರ್ವಿಕರ ನೊರೆಗೆ ‘ಸ’ ಇದ್ದಿದ್ದರೆ ಇವತ್ತು ಅವರು ‘ಸ್ಪೋಮ್’ ಎನ್ನುತ್ತಿದ್ದರು. ಎನ್ನುತ್ತಿಲ್ಲ. ಆದ್ದರಿಂದ ಅವರಿಗೆ ಸಿಕ್ಕಿದ್ದು ‘ಸ’ ಇಲ್ಲದ ರೂಪ. ಇನ್ನು ಸಂಸ್ಕೃತದಲ್ಲಿ ಬರೀ ‘ಪ’ ಬದಲು ಮಹಾಪ್ರಾಣ ಬಂದದ್ದಕ್ಕೆ ಒಂದು ವಿವರಣೆ, ಹಿಂದೊಮ್ಮೆ ಅಲ್ಲಿದ್ದು ಬಿದ್ದುಹೋದ ಅದೇ ‘ಸ’ ಬಿಟ್ಟ ಗುರುತು ಅದು ಎಂಬುದು.

ಒಟ್ಟಿನಲ್ಲಿ, ಫೋಮ್‌ನ ‘ಫ’ ಒಂದು ದಾರಿಯಲ್ಲಿ ಬಂತು, ಫೇನದ ‘ಫ’ ಇನ್ನೊಂದು ದಾರಿಯಲ್ಲಿ. ಎರಡೂ ಕನ್ನಡ ಲಿಪಿಯಲ್ಲಿ ಬಂದು ಒಂದೇ ಅಕ್ಷರದಲ್ಲಿ ಕೂತವು.

ಉತ್ತರ ಇರುವುದು ‘ಏ’ಯಲ್ಲಿ

ಈ ಪ್ರಕರಣದಲ್ಲಿ ನನಗೆ ಎಲ್ಲಕ್ಕಿಂತ ಇಷ್ಟವಾದ ಭಾಗ ಇದು. ಫೇನದ ‘ಏ’, ಫೋಮ್‌ನ ‘ಓ’. ಮೇಲ್ನೋಟಕ್ಕೆ ಹೊಂದುವುದೇ ಇಲ್ಲ. ಪಟ್ಟಿ ಮಾಡುವವರು ಸ್ವರದ ಕಡೆ ನೋಡುವುದೂ ಇಲ್ಲ, ‘ಅದೆಲ್ಲ ಬದಲಾಗುತ್ತೆ ಬಿಡಿ’ ಅಂತ ಮುಂದೆ ಹೋಗುತ್ತಾರೆ. ಬಲವಾದ ಸಾಕ್ಷಿ ಇರುವುದು ಅಲ್ಲೇ.

ಹೈಸ್ಕೂಲಿನ ಕನ್ನಡ ವ್ಯಾಕರಣ ನೆನಪಿದೆಯಾ? ಗುಣಸಂಧಿ: ದೇವ + ಇಂದ್ರ = ದೇವೇಂದ್ರ. ‘ಅ’ ಮತ್ತು ‘ಇ’ ಕೂಡಿದರೆ ‘ಏ’. ಇದು ಸುಮ್ನೆ ಮಾಡಿದ ಸೂತ್ರ ಅಲ್ಲ. ಸಂಸ್ಕೃತದ ‘ಏ’ ಹಿಂದೆ ನಿಜವಾಗಿಯೂ ‘ಅಇ’ ಆಗಿತ್ತು. ವ್ಯಾಕರಣಕಾರರು ಅದನ್ನು ಸಂಧ್ಯಕ್ಷರ ಎಂದು ಕರೆದದ್ದೂ ಅದಕ್ಕೇ. ನೇ + ಅನ ಎಂಬುದು ನಯನ ಆಗುವಾಗ ಒಳಗಿದ್ದ ‘ಇ’ ಯಕಾರವಾಗಿ ಮತ್ತೆ ಹೊರಗೆ ಇಣುಕುತ್ತದೆ.

ಇದಕ್ಕೆ ಮಣ್ಣಿನ ಹಲಗೆಯ ಮೇಲೆ ಬರೆದ ಸಾಕ್ಷಿಯೂ ಇದೆ. ಇವತ್ತಿನ ಟರ್ಕಿಯ ಬೊಗಾಜ್ಕೊಯ್‌ನಲ್ಲಿ, ಅಂದರೆ ಹಿಟ್ಟೈಟರ ಹಳೆಯ ರಾಜಧಾನಿಯಲ್ಲಿ, ಕ್ರಿ.ಪೂ. 14ನೇ ಶತಮಾನದ ಆಸುಪಾಸಿನ ಹಲಗೆಗಳು ಸಿಕ್ಕಿವೆ. ಅವುಗಳಲ್ಲಿ ಮಿತಾನ್ನಿ ದೇಶದ ಕಿಕ್ಕುಲಿ ಎಂಬ ಕುದುರೆ ಪಳಗಿಸುವವನ ಕೈಪಿಡಿಯೂ ಒಂದು. ಕುದುರೆಯನ್ನು ಒಂದು ಸುತ್ತು ಓಡಿಸುವುದಕ್ಕೆ ಅವನು ಬಳಸುವ ಪದ ‘ಐಕವರ್ತನ್ನ’. ನಮ್ಮ ‘ಏಕವರ್ತನ’ವೇ ಅಲ್ವಾ! ಆದರೆ ‘ಏಕ’ ಇನ್ನೂ ‘ಐಕ’ ಆಗಿದೆ. ‘ಏ’ ಹುಟ್ಟುವ ಮೊದಲಿನ ಸದ್ದು ಅಲ್ಲಿ ಬರವಣಿಗೆಯಲ್ಲೇ ಕೂತಿದೆ.

ಹಾಗಾದರೆ ಏಕದ ಹಿಂದೆ ಐಕ ಇದ್ದ ಹಾಗೆ ಫೇನದ ಹಿಂದೆ ‘ಫೈನ’ ಇತ್ತು. ಈಗ ಜರ್ಮನ್ನಿಗೆ ಹೋಗಿ. ಐನ್‌ಸ್ಟೈನ್ ಎಂಬ ಹೆಸರು ಎಲ್ಲರಿಗೂ ಗೊತ್ತು. ಜರ್ಮನ್ನಿನಲ್ಲಿ ‘ಐನ್’ ಎಂದರೆ ಒಂದು, ‘ಸ್ಟೈನ್’ ಎಂದರೆ ಕಲ್ಲು. ಹಳೆಯ ಇಂಗ್ಲಿಷಿನಲ್ಲಿ ಇವೇ ‘ಆನ್’ ಮತ್ತು ‘ಸ್ಟಾನ್’. ಜರ್ಮನ್ನಿನ ‘ಐ’ಗೆ ಹಳೆಯ ಇಂಗ್ಲಿಷಿನಲ್ಲಿ ‘ಆ’, ಈಗಿನ ಇಂಗ್ಲಿಷಿನಲ್ಲಿ ‘ಓ’. ಹೈಮ್, ಹಾಮ್, ಹೋಮ್. ಸ್ಟೈನ್, ಸ್ಟಾನ್, ಸ್ಟೋನ್. ಫೈಮ್, ಫಾಮ್, ಫೋಮ್. ಒಂದು ಕೂದಲೂ ಆಚೀಚೆ ಇಲ್ಲ.

ಲ್ಯಾಟಿನ್ನಿನಲ್ಲಿ ಒಂದು ಎನ್ನಲು ‘ಊನುಸ್’. ರೋಮಿನ ಸಿಪಿಯೋ ಮನೆತನದ ಒಂದು ಹಳೆಯ ಸಮಾಧಿಶಾಸನದಲ್ಲಿ ಅದೇ ಪದ ‘ಓಯ್ನೋ’ ಎಂದಿದೆ. ಅಂದರೆ ಲ್ಯಾಟಿನ್ನಿನ ಆ ‘ಊ’ ಹಿಂದೆ ‘ಓಯ್’ ಆಗಿತ್ತು. ‘ಸ್ಪೂಮ’ದ ‘ಊ’ ಕೂಡ ಅದೇ. ಹಾಗಾಗಿ ಏಕ, ಐನ್, ಊನುಸ್ ಒಂದು ಸಾಲಿನಲ್ಲಿ ನಿಂತ ಹಾಗೆ ಫೇನ, ಫೈಮ್, ಸ್ಪೂಮ ಇನ್ನೊಂದು ಸಾಲಿನಲ್ಲಿ ನಿಲ್ಲುತ್ತವೆ. ನಡುವಿನ ಸ್ವರ ಎರಡು ಸಾಲಲ್ಲೂ ಒಂದೇ ಲೆಕ್ಕದಲ್ಲಿ ಬದಲಾಗಿದೆ. ಕಿವಿಗೆ ಬೇರೆ ಬೇರೆಯಾಗಿ ಕೇಳುವ ಏ, ಐ, ಓ, ಊ ಇವೇ ಈ ಪದಗಳ ನಂಟಿಗೆ ಗಟ್ಟಿ ಆಧಾರ.

ಕೊನೆಯ ‘ನ’ ಮತ್ತು ‘ಮ’ ಬಗ್ಗೆ ಹೆಚ್ಚು ಹೇಳುವುದಿಲ್ಲ. ಪೂರ್ವದ ಕಡೆಯ ಸಂಸ್ಕೃತ, ರಷ್ಯನ್, ಲಿಥುವೇನಿಯನ್‌ಗಳಲ್ಲಿ ‘ನ’ ಇದೆ. ಪಶ್ಚಿಮದ ಲ್ಯಾಟಿನ್, ಇಂಗ್ಲಿಷ್, ಜರ್ಮನ್‌ಗಳಲ್ಲಿ ‘ಮ’ ಇದೆ. ಮೂಲದಲ್ಲೇ ಎರಡು ಪ್ರತ್ಯಯ ಇದ್ದವು ಎಂದು ಕೆಲವರು. ಮುಂದೆ ‘ಪ’ ಇದ್ದದ್ದರಿಂದ ಇನ್ನೊಂದು ತುಟಿಯ ಸದ್ದು ಬೇಡವಾಗಿ ‘ಮ’ ಹೋಗಿ ‘ನ’ ಆಯಿತು ಎಂದು ಇನ್ನು ಕೆಲವರು. ಯಾವುದನ್ನು ಒಪ್ಪಿದರೂ ನಂಟಿಗೆ ಧಕ್ಕೆ ಇಲ್ಲ.

ತೀರ್ಪು ಹೀಗೆ: ಫೋಮ್ ಫೇನದ ಮಗಳಲ್ಲ, ದಾಯಾದಿ. ಇಬ್ಬರ ಮುತ್ತಜ್ಜಿ ಒಬ್ಬಳೇ. ಆಕೆ ಸಂಸ್ಕೃತದವಳಲ್ಲ, ಇಂಗ್ಲಿಷಿನವಳೂ ಅಲ್ಲ.

ಇದೇ ಮನೆಯವಳು ಇನ್ನೊಬ್ಬಳು ನಿಮ್ಮ ಬಚ್ಚಲಲ್ಲಿ ಇರಬಹುದು. ಹಿಮ್ಮಡಿ ಉಜ್ಜುವ ತೂತುತೂತಿನ ಹಗುರ ಕಲ್ಲಿಗೆ ‘ಪ್ಯೂಮಿಸ್’ ಎನ್ನುತ್ತಾರೆ. ಅದು ಲ್ಯಾಟಿನ್ನಿನ ‘ಪೂಮೆಕ್ಸ್’, ಸ್ಪೂಮದ ಒಡಹುಟ್ಟು. ಜ್ವಾಲಾಮುಖಿಯ ಕರಗಿದ ಕಲ್ಲು ಗಾಳಿಗುಳ್ಳೆಗಳ ಜೊತೆ ನೊರೆಯಾಗಿ ಉಕ್ಕಿ ಹಾಗೇ ಗಟ್ಟಿಯಾದದ್ದು. ನೀರಿಗೆ ಹಾಕಿದರೆ ತೇಲುತ್ತದೆ.

ಒದ್ದೆಯೂ ಅಲ್ಲ, ಒಣಗಿದ್ದೂ ಅಲ್ಲ

ಫೇನ ಬಹಳ ಹಳೆಯ ಪದ. ಋಗ್ವೇದದ ಎಂಟನೇ ಮಂಡಲದಲ್ಲಿ ಇಂದ್ರ ನೀರಿನ ನೊರೆಯಿಂದ ನಮುಚಿ ಎಂಬ ಅಸುರನ ತಲೆ ಹಾರಿಸಿದ ಮಾತು ಬರುತ್ತದೆ. ನೊರೆಯಿಂದ ಯಾಕೆ? ಆ ಕತೆಯನ್ನು ಶತಪಥ ಬ್ರಾಹ್ಮಣ ಬಿಡಿಸಿ ಹೇಳುತ್ತದೆ. ನಮುಚಿಯನ್ನು ಹಗಲಲ್ಲಿ ಕೊಲ್ಲುವುದಿಲ್ಲ, ಇರುಳಲ್ಲೂ ಕೊಲ್ಲುವುದಿಲ್ಲ, ಒಣಗಿದ್ದರಿಂದ ಕೊಲ್ಲುವುದಿಲ್ಲ, ಒದ್ದೆಯಾದದ್ದರಿಂದಲೂ ಕೊಲ್ಲುವುದಿಲ್ಲ ಎಂದು ಇಂದ್ರ ಮಾತು ಕೊಟ್ಟಿದ್ದ. ಆಮೇಲೆ ಅಶ್ವಿನಿಗಳು ಮತ್ತು ಸರಸ್ವತಿ ಸೇರಿ ನೀರಿನ ನೊರೆಯನ್ನೇ ವಜ್ರಾಯುಧ ಮಾಡಿಕೊಟ್ಟರು. ರಾತ್ರಿ ಕಳೆದು ಸೂರ್ಯ ಹುಟ್ಟುವ ಮುಂಚೆ ಇಂದ್ರ ಕೆಲಸ ಮುಗಿಸಿದ. ಹಿರಣ್ಯಕಶಿಪುವಿನ ಕತೆ ಕೇಳಿ ಬೆಳೆದ ನಮಗೆ ಈ ಷರತ್ತುಗಳು ಪರಿಚಿತವೇ. ಆದರೆ ನೊರೆಯನ್ನು ಇಷ್ಟು ಹತ್ತಿರದಿಂದ ಗಮನಿಸಿದವರು ಯಾರಪ್ಪ ಅನ್ನಿಸುತ್ತದೆ. ಮುಟ್ಟಿದರೆ ಒದ್ದೆ ಅನ್ನಿಸದು, ಒಣಗಿದೆ ಎನ್ನಲೂ ಆಗದು. ನೊರೆ ಎಂದರೆ ಬಹುಪಾಲು ಗಾಳಿ, ಅದರ ಸುತ್ತ ತೆಳ್ಳನೆಯ ನೀರಿನ ಪೊರೆ ಎಂದು ಇವತ್ತಿನ ಪಾಠ ಹೇಳುವುದೂ ಇದನ್ನೇ.

ಕನ್ನಡದಲ್ಲಿ ಫೇನ ಪುಸ್ತಕದ ಪದವಾಗಿಯೇ ಉಳಿಯಿತು. ಅದು ಮನೆ ಬಾಗಿಲಿಗೆ ಬಂದದ್ದು ಸಮುದ್ರಫೇನದ ರೂಪದಲ್ಲಿ. ಗ್ರಂಧಿಗೆ ಅಂಗಡಿಯಲ್ಲಿ ಸಿಗುವ ಆ ಬಿಳಿಯ ಹಗುರ ತುಂಡು ನೊರೆಯಂತೂ ಅಲ್ಲ. ಬೊಂಡಾಸಿನ ನಂಟನಾದ ಕಟಲ್‌ಫಿಶ್ ಎಂಬ ಕಡಲಜೀವಿಯ ಒಳಗಿನ ಓಡು. ದಡಕ್ಕೆ ತೇಲಿ ಬಂದದ್ದನ್ನು ಕಂಡವರು ಗಟ್ಟಿಯಾದ ಕಡಲ ನೊರೆ ಎಂದುಕೊಂಡರು.

ದಿನಬಳಕೆಯಲ್ಲಿ ಗೆದ್ದದ್ದು ‘ನೊರೆ’. ಇದು ಮೇಲಿನ ಯಾವ ಮನೆಗೂ ಸೇರಿದ್ದಲ್ಲ. ತಮಿಳಿನಲ್ಲಿ ನುರೈ, ಮಲಯಾಳದಲ್ಲಿ ನುರ, ತೆಲುಗಿನಲ್ಲಿ ನುರಗ, ತುಳುವಿನಲ್ಲಿ ನುರೆ. ಕನ್ನಡದಲ್ಲಿ ಮಾತ್ರ ‘ಉ’ ಇದ್ದ ಕಡೆ ‘ಒ’ ಯಾಕೆ ಬಂತು? ಇಲ್ಲೂ ನಿಯಮವೇ. ತಮಿಳಿನ ಕುಡೈ ನಮ್ಮ ಕೊಡೆ. ಅವರ ಉಡೈ ನಮ್ಮ ಒಡೆ. ಅವರ ಪುಗೈ ನಮ್ಮ ಹೊಗೆ. ಹೊಗೆಯಲ್ಲಂತೂ ‘ಪ’ ಹೋಗಿ ‘ಹ’ ಬಂದದ್ದೂ ಕಾಣುತ್ತದೆ, ‘ಉ’ ಹೋಗಿ ‘ಒ’ ಬಂದದ್ದೂ ಕಾಣುತ್ತದೆ. ದಕ್ಷಿಣದ ಈ ಭಾಷೆಗಳು ಒಂದು ಬೇರೆಯೇ ಕುಟುಂಬ ಎಂದು 1816ರಲ್ಲೇ ಮದರಾಸಿನ ಫ್ರಾನ್ಸಿಸ್ ವೈಟ್ ಎಲ್ಲಿಸ್ ತೋರಿಸಿದ್ದರು. ಇದೇ ವಿಷಯದ ಮೇಲೆ ರಾಬರ್ಟ್ ಕಾಲ್ಡ್‌ವೆಲ್ ಅವರ ಪ್ರಸಿದ್ಧ ಪುಸ್ತಕ ಬಂದದ್ದು 40 ವರ್ಷ ಕಳೆದ ಮೇಲೆ, 1856ರಲ್ಲಿ.

ಎರಡು ಕುಟುಂಬಗಳೂ ಒಂದೇ ವಸ್ತುವನ್ನು ಒಂದೇ ಕಣ್ಣಿನಿಂದ ನೋಡಿದ್ದಕ್ಕೆ ಅಂಟುವಾಳದ ಮರ ಸಾಕ್ಷಿ. ಸಂಸ್ಕೃತದಲ್ಲಿ ಅದಕ್ಕೆ ‘ಫೇನಿಲ’ ಎಂಬ ಹೆಸರಿದೆ. ಕನ್ನಡದಲ್ಲಿ ‘ನೊರೆಕಾಯಿ’. ಲ್ಯಾಟಿನ್ನಿನ ಶಾಸ್ತ್ರೀಯ ಹೆಸರು ‘ಸಪಿಂಡಸ್’, ಅಂದರೆ ಭಾರತದ ಸಾಬೂನು. ಮೂರೂ ಕಡೆ ಕಾಯಿಗಿಂತ ಅದು ಬಿಡುವ ನೊರೆಯೇ ಮುಖ್ಯವಾಗಿದೆ.

ಫೋಮ್ ಕನ್ನಡಕ್ಕೆ ಬಂದ ಹೊತ್ತು

ಇಷ್ಟೆಲ್ಲ ಆದ ಮೇಲೆ, ಫೋಮ್ ನಮ್ಮ ಮಾತಿಗೆ ಬಂದದ್ದು ನೊರೆ ಎಂಬ ಅರ್ಥದಲ್ಲೇ ಅಲ್ಲ. 20ನೇ ಶತಮಾನದಲ್ಲಿ ಇಂಗ್ಲಿಷಿನಲ್ಲೇ ಆ ಪದಕ್ಕೆ ಹೊಸ ಕೆಲಸಗಳು ಸಿಕ್ಕವು. ಶತಮಾನದ ಶುರುವಿನಲ್ಲಿ, ತೈಲದ ಊರಾದ ಬಾಕುವಿನಲ್ಲಿ ಮೇಷ್ಟರಾಗಿದ್ದ ಅಲೆಕ್ಸಾಂಡರ್ ಲೋರಾನ್ ಎಣ್ಣೆಯ ಬೆಂಕಿ ಆರಿಸುವ ನೊರೆ ಕಂಡುಹಿಡಿದರು. ರಷ್ಯನ್ನರಿಗೆ ಅದು ಪೇನಾ, ಇಂಗ್ಲಿಷರಿಗೆ ಫೋಮ್. 1929ರಲ್ಲಿ ಡನ್‌ಲಪ್ ಕಂಪನಿಯವರು ರಬ್ಬರ್ ಮರದ ಹಾಲನ್ನು ಕಡೆದು, ನೊರೆ ಬರಿಸಿ, ಹಾಗೇ ಗಟ್ಟಿಮಾಡಿದರು. 1937ರಲ್ಲಿ ಜರ್ಮನಿಯ ಆಟೋ ಬಾಯರ್ ಪಾಲಿಯುರೆಥೇನ್ ಕಂಡುಹಿಡಿದರು. ಮುಂದೆ ಸೋಫಾ, ಹಾಸಿಗೆ, ಬಸ್ಸಿನ ಸೀಟು ಎಲ್ಲದರ ಹೊಟ್ಟೆಗೂ ಅದರ ಫೋಮೇ ಸೇರಿತು. ಒಡೆದುಹೋಗುವುದೇ ನೊರೆಯ ಗುಣ. ಹೊಸ ಫೋಮ್‌ನ ಗುಣ ಎಂದರೆ ಒತ್ತಿದರೂ ಎದ್ದು ಕೂರುವುದು.

ಕನ್ನಡ ಎರಡನ್ನೂ ಚೆನ್ನಾಗಿ ಬೇರೆ ಇಟ್ಟುಕೊಂಡಿದೆ. ಫೋಮ್ ಹಾಸಿಗೆ ಇದೆ, ನೊರೆ ಹಾಸಿಗೆ ಇಲ್ಲ. ನೊರೆಹಾಲು ಇದೆ, ಮಲೆನಾಡಿನ ಆಲೆಮನೆಯಲ್ಲಿ ನೊರೆಬೆಲ್ಲ ಇದೆ, ಅದನ್ನು ಯಾರೂ ಫೋಮ್ ಬೆಲ್ಲ ಎನ್ನುವುದಿಲ್ಲ. 2015ರಲ್ಲಿ ಬೆಂಗಳೂರಿನ ಬೆಳ್ಳಂದೂರು ಕೆರೆಯ ಕೋಡಿಯಿಂದ ರಾಶಿರಾಶಿ ಬಿಳಿ ಎದ್ದು ರಸ್ತೆಗೆ ಹಾರಿತು. ಆ ಮೇ ತಿಂಗಳಲ್ಲಿ ಅದಕ್ಕೆ ಬೆಂಕಿಯೂ ಹತ್ತಿಕೊಂಡಿತು. ಚರಂಡಿ ನೀರಿನಲ್ಲಿ ಬಂದ ಡಿಟರ್ಜೆಂಟು ಅದರ ಮುಖ್ಯ ಕಾರಣ. ಇಂಗ್ಲಿಷ್ ಪತ್ರಿಕೆಗಳಲ್ಲಿ ಅದು ಫೋಮ್, ಫ್ರಾತ್. ಕನ್ನಡ ಪತ್ರಿಕೆಗಳಲ್ಲಿ ನೊರೆ, ವಿಷದ ನೊರೆ. ಸಾಬೂನಿನಿಂದ ಹುಟ್ಟಿದ್ದಾದರೂ, ಪೇಟೆಯ ನಡುವೆ ಎದ್ದದ್ದಾದರೂ, ಒಡೆಯುವ ಗುಳ್ಳೆ ಇದ್ದ ಕಡೆ ನೊರೆಯೇ ಬಂತು.

ಕೊನೆಗೆ, ಆ ಪಟ್ಟಿ ಮಾಡುವವರಿಗೆ ಒಂದು ಒಳ್ಳೆಯ ಸುದ್ದಿ. ಫೇನದಿಂದ ನೇರವಾಗಿ ಇಳಿದು ಬಂದು ಇಂಗ್ಲಿಷ್ ನಿಘಂಟಿಗೆ ಸೇರಿದ ಪದ ಬೇಕು ಎಂದರೆ, ಒಂದಿದೆ. ಸಂಸ್ಕೃತದ ಫೇನ ಕೊಂಕಣಿಯಲ್ಲಿ ಫೇಣ್ ಆಯಿತು. ಗೋವಾದಲ್ಲಿ ಗೇರುಹಣ್ಣಿನ ರಸ ಹುಳಿಬರಿಸಿ ಭಟ್ಟಿ ಇಳಿಸಿದ ಸಾರಾಯಿಗೆ, ಸುರಿದಾಗ ಏಳುವ ಗುಳ್ಳೆಗಳ ಮೇಲಿಂದ, ಆ ಹೆಸರೇ ಬಂತು ಎಂಬುದು ಸಾಮಾನ್ಯವಾಗಿ ಒಪ್ಪಿದ ಮಾತು. 2009ರಲ್ಲಿ ಅದಕ್ಕೆ ಭೌಗೋಳಿಕ ಸೂಚಕದ ಪಟ್ಟವೂ ಸಿಕ್ಕಿತು. ಬಾಣದ ಎಡಗಡೆ ಫೇನ ಇರಲಿ. ಬಲಗಡೆಯ ಫೋಮ್ ಅಳಿಸಿ ‘ಫೆನಿ’ ಎಂದು ಬರೆದುಕೊಳ್ಳಬಹುದು.